ಅಂಗವಿಕಲ ಮಾಜಿ ಸೈನಿಕರ ಮನೆ: ಕೋಯಂಬೇಡು ಮತ್ತು ಸುತ್ತಲಿನ ಚೆನ್ನೈ

ಯುದ್ಧದಲ್ಲಿ, ಗಡಿ ಕಾವಲಿನಲ್ಲಿ ಅಥವಾ ತರಬೇತಿಯ ಅವಘಡದಲ್ಲಿ ಕೈಕಾಲು, ಕಣ್ಣು, ಬೆನ್ನುಹುರಿಯ ಬಲ ಕಳೆದುಕೊಂಡ ಸೈನಿಕರು ಸೇವೆಯಿಂದ ಹೊರಬಂದ ಮೇಲೆ ಯಾರ ಹಂಗೂ ಇಲ್ಲದೆ ಬಾಳಲು ಅನುವಾಗುವಂತೆ ಮನೆ ಕಟ್ಟುವುದು, ಇರುವ ಮನೆಯನ್ನು ತಿದ್ದುವುದು ಈ ಲೇಖನದ ವಿಷಯ. ಭಾರತದಲ್ಲಿ ಇಂಥ ಸೈನಿಕರಿಗೆ ಚಿಕಿತ್ಸೆ ಇದೆ, ಕೃತಕ ಕಾಲು ಇದೆ, ಪಿಂಚಣಿ ಇದೆ. ಮನೆಯ ಮೆಟ್ಟಿಲು, ಹೊಸ್ತಿಲು, ಬಚ್ಚಲುಮನೆಯ ಬಾಗಿಲು ಮಾತ್ರ ಕುಟುಂಬದ ಪಾಲಿಗೇ ಉಳಿದಿವೆ. ಈ ಕೊರತೆ ಇಡೀ ದೇಶದ್ದು. ಆದರೆ ಚೆನ್ನೈನ ಪಶ್ಚಿಮ ಭಾಗದ ಕೋಯಂಬೇಡು, ಅರುಂಬಾಕ್ಕಂ, ವಿರುಗಂಬಾಕ್ಕಂ, ಸಾಲಿಗ್ರಾಮಂ ಬಡಾವಣೆಗಳಲ್ಲಿ ಅದು ಬೇಗ ಕಣ್ಣಿಗೆ ಬೀಳುತ್ತದೆ. ಅಲ್ಲಿನ ನೆಲವೇ ಅದಕ್ಕೆ ಕಾರಣ.

ನೆಲೆ

ಬೆಂಗಳೂರಿನಿಂದ ಬಸ್ಸಿನಲ್ಲಿ ಮದ್ರಾಸಿಗೆ ಹೋಗಿಬಂದ ಕನ್ನಡಿಗರಿಗೆ ಕೋಯಂಬೇಡು ಹೊಸ ಹೆಸರಲ್ಲ. 1996ರಲ್ಲಿ ಇಲ್ಲಿ ಹೂವು, ಹಣ್ಣು, ತರಕಾರಿಯ ಸಗಟು ಮಾರುಕಟ್ಟೆ ಆರಂಭವಾಯಿತು. 2002ರ ನವೆಂಬರಿನಲ್ಲಿ ಹೊರ ಊರುಗಳ ಬಸ್ ನಿಲ್ದಾಣ ತೆರೆಯಿತು. 2015ರ ಜೂನ್ 29ರಂದು ಚೆನ್ನೈ ಮೆಟ್ರೊದ ಮೊಟ್ಟಮೊದಲ ರೈಲು ಓಡಿದ್ದು ಕೋಯಂಬೇಡು ಮತ್ತು ಆಲಂದೂರಿನ ನಡುವೆ. 2023ರ ಡಿಸೆಂಬರ್ ಕೊನೆಗೆ ಕಿಳಾಂಬಾಕ್ಕಂ ನಿಲ್ದಾಣ ಶುರುವಾದಾಗ ತೆಂಕಣ ಜಿಲ್ಲೆಗಳ ಬಸ್ಸುಗಳು ಅತ್ತ ಹೋದವು. ಕೋಯಂಬೇಡಿನ ದಟ್ಟಣೆ ಮಾತ್ರ ನಿಂತಿಲ್ಲ.

ಸೇನೆಗೂ ಈ ಭಾಗಕ್ಕೂ ನಂಟಿದೆ. ಕೋಯಂಬೇಡಿನಿಂದ ದಕ್ಷಿಣಕ್ಕೆ, ಆರ್ಕಾಟ್ ರಸ್ತೆಯ ಸಾಲಿಗ್ರಾಮಂನಲ್ಲಿ ಸೇನಾ ಕಲ್ಯಾಣ ವಸತಿ ಸಂಸ್ಥೆ 1998ರಲ್ಲಿ ಕಟ್ಟಿದ ವಸತಿ ಸಮುಚ್ಚಯದ ಹೆಸರು ಪರಮೇಶ್ವರನ್ ವಿಹಾರ. 8ನೇ ಮಹಾರ್ ಬೆಟಾಲಿಯನ್ನಿನ ಮೇಜರ್ ರಾಮಸ್ವಾಮಿ ಪರಮೇಶ್ವರನ್ 1987ರ ನವೆಂಬರ್ 25ರಂದು ಶ್ರೀಲಂಕೆಯಲ್ಲಿ ಭಾರತೀಯ ಶಾಂತಿಪಾಲನಾ ಪಡೆಯ ಕಾರ್ಯಾಚರಣೆಯಲ್ಲಿ ಹೋರಾಡುತ್ತ ಮಡಿದು, ಮರಣೋತ್ತರವಾಗಿ ಪರಮವೀರ ಚಕ್ರ ಪಡೆದವರು. ಆ ಕಾರ್ಯಾಚರಣೆಯಲ್ಲಿ ಭಾರತದ ಸುಮಾರು 1200 ಸೈನಿಕರು ಮಡಿದರು, ಗಾಯಗೊಂಡವರ ಸಂಖ್ಯೆ ಅದರ ಎರಡು ಪಟ್ಟಿಗೂ ಮೇಲೆ. ನೆಲಬಾಂಬಿಗೆ ಪಾದ, ಮೊಣಕಾಲು ಕಳೆದುಕೊಂಡವರು ಅವರಲ್ಲಿ ಬಹಳ. 1990ರಲ್ಲಿ ಪಡೆ ಹಡಗೇರಿ ಮರಳಿ ಇಳಿದದ್ದು ಮದ್ರಾಸ್ ಬಂದರಿನಲ್ಲೇ. ಅಂದು ಇಪ್ಪತ್ತೈದರ ಹರೆಯದಲ್ಲಿದ್ದವರಿಗೆ ಈಗ ಅರವತ್ತು ದಾಟಿದೆ. ಒಂಟಿ ಕಾಲಿನಲ್ಲಿ ಮೆಟ್ಟಿಲು ಹತ್ತುತ್ತಿದ್ದ ತೋಳಬಲ ಈಗ ಕುಗ್ಗಿದೆ. ಇದು ಕರ್ನಾಟಕಕ್ಕೂ ಸಂಬಂಧಪಟ್ಟ ಮಾತು: ಸೇನೆಯ ದಕ್ಷಿಣ ಭಾರತ ಪ್ರದೇಶದ ಕೇಂದ್ರ ಕಚೇರಿ ಚೆನ್ನೈನಲ್ಲಿದ್ದು, ಬೆಂಗಳೂರಿನಲ್ಲಿರುವ ಕರ್ನಾಟಕ–ಕೇರಳ ಉಪಪ್ರದೇಶ ಅದರ ಅಡಿಯಲ್ಲಿದೆ.

ಹಿನ್ನೆಲೆ

ಗಾಯಾಳು ಸೈನಿಕರ ಪುನರ್ವಸತಿ ಭಾರತದಲ್ಲಿ ಸಂಸ್ಥೆಗಳ ಮೂಲಕ ಬೆಳೆಯಿತು, ಮನೆಗಳ ಮೂಲಕ ಅಲ್ಲ. ಮೊದಲ ಮಹಾಯುದ್ಧದಲ್ಲಿ ಅಂಗ ಕಳೆದುಕೊಂಡವರಿಗೆ ಕಸುಬು ಕಲಿಸಲು ಮುಂಬಯಿ ಗವರ್ನರರ ಪತ್ನಿ ಲೇಡಿ ವಿಲ್ಲಿಂಗ್ಡನ್ 1917ರಲ್ಲಿ ಕ್ವೀನ್ ಮೇರಿ ತಾಂತ್ರಿಕ ಶಾಲೆಯನ್ನು ಆರಂಭಿಸಿದರು. ಅದು ಈಗ ಪುಣೆಯ ಖಡಕಿಯಲ್ಲಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ ಕುರುಡಾದ ಸೈನಿಕರಿಗಾಗಿ ಡೆಹ್ರಾಡೂನಿನಲ್ಲಿ ಸೇಂಟ್ ಡನ್‌ಸ್ಟನ್ ವಸತಿ ನಿಲಯ, 1944ರಲ್ಲಿ ಪುಣೆಯಲ್ಲಿ ಕೃತಕ ಅಂಗ ಕೇಂದ್ರ ಬಂದವು. 1971ರ ಯುದ್ಧದ ಬಳಿಕ ಬೆನ್ನುಹುರಿ ತುಂಡಾದವರಿಗಾಗಿ ಖಡಕಿಯಲ್ಲಿ 1974ರಲ್ಲಿ, ಮೊಹಾಲಿಯಲ್ಲಿ 1978ರಲ್ಲಿ ಪುನರ್ವಸತಿ ಕೇಂದ್ರಗಳು ತೆರೆದವು. ಕೊಡಗಿನ ಕೆ. ಎಂ. ಕಾರ್ಯಪ್ಪ ನಿವೃತ್ತಿಯ ನಂತರ ಮಾಜಿ ಸೈನಿಕರ ಸಂಘಟನೆಗೆ ದುಡಿದು 1964ರಲ್ಲಿ ಭಾರತೀಯ ಮಾಜಿ ಸೈನಿಕರ ಒಕ್ಕೂಟವನ್ನು ಕಟ್ಟಿದರು.

ಖಡಕಿ, ಮೊಹಾಲಿ ಕೇಂದ್ರಗಳ ಸೇವೆ ದೊಡ್ಡದು. ಆದರೆ ಅಲ್ಲಿ ಸೇರಿದ ಎಷ್ಟೋ ಜನ ಬದುಕಿನುದ್ದಕ್ಕೂ ಅಲ್ಲೇ ಉಳಿದರು ಎನ್ನುವುದನ್ನೂ ಹೇಳಬೇಕು. ಅಲ್ಲಿ ನೆಲ ಸಮತಟ್ಟಾಗಿದೆ, ಬಾಗಿಲು ಅಗಲವಾಗಿವೆ, ಹಾಸಿಗೆ ಹುಣ್ಣು ನೋಡುವ ದಾದಿಯರಿದ್ದಾರೆ. ಊರಿನ ಮನೆಯಲ್ಲಿ ಇವು ಯಾವುವೂ ಇಲ್ಲ. ಕುಟುಂಬ ಬೇಡವೆಂದದ್ದಕ್ಕಿಂತ ಮನೆ ಒಳಗೆ ಬಿಟ್ಟುಕೊಳ್ಳದ್ದೇ ಹೆಚ್ಚು.

ಇಲ್ಲಿ ತೆಂಕಾಸಿ ಬಳಿಯ ಆಯ್ಕುಡಿಯ ಎಸ್. ರಾಮಕೃಷ್ಣನ್ ಅವರನ್ನು ನೆನೆಯಬೇಕು. ಕೊಯಮತ್ತೂರಿನಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದ ಅವರು ನೌಕಾಪಡೆಯ ಅಧಿಕಾರಿ ಹುದ್ದೆಯ ಆಯ್ಕೆಗೆಂದು ಬೆಂಗಳೂರಿಗೆ ಬಂದವರು. 1975ರ ಜನವರಿ 10ರಂದು ದೈಹಿಕ ಪರೀಕ್ಷೆಯಲ್ಲಿ ಮರದಿಂದ ಬಿದ್ದು ಕತ್ತಿನ ಕೆಳಗೆ ಚಲನೆ ಕಳೆದುಕೊಂಡರು. ಪುಣೆಯ ಸೇನಾ ಆಸ್ಪತ್ರೆಯಲ್ಲಿ ತಮ್ಮನ್ನು ನೋಡಿಕೊಂಡ ವಾಯುಪಡೆಯ ವೈದ್ಯ ಅಮರಜೀತ್ ಸಿಂಗ್ ಚಾಹಲ್ ಅವರ ಹೆಸರಿನಲ್ಲೇ 1981ರಲ್ಲಿ ಊರಿನಲ್ಲಿ ಅಮರ್ ಸೇವಾ ಸಂಘವನ್ನು ಆರಂಭಿಸಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅವರು ಸೈನಿಕರಾಗುವ ಮೊದಲೇ ಗಾಯಗೊಂಡವರು. ಆದರೂ ಊರಿಗೆ ಮರಳಿ ಊರನ್ನೇ ಗಾಲಿಕುರ್ಚಿಗೆ ಒಗ್ಗಿಸಿದ ಅವರ ದಾರಿ, ಗಾಯಾಳುವನ್ನು ದೂರದ ಕೇಂದ್ರದಲ್ಲಿ ಇಟ್ಟುಕೊಳ್ಳುವ ದಾರಿಗಿಂತ ಮೇಲು.

ಹೊರದೇಶಗಳಲ್ಲಿ ಈ ಕೆಲಸ ಮನೆಯಿಂದಲೇ ಶುರುವಾದ ಉದಾಹರಣೆಗಳಿವೆ. ಲಂಡನ್ನಿನ ಫುಲಮ್‌ನಲ್ಲಿ ಮೊದಲ ಮಹಾಯುದ್ಧ ನಡೆಯುತ್ತಿರುವಾಗಲೇ ಗಾಯಾಳು ಸೈನಿಕರ ಕುಟುಂಬಗಳಿಗಾಗಿ ಆಸ್ವಾಲ್ಡ್ ಸ್ಟೋಲ್ ವಸತಿಗಳು ತಲೆಯೆತ್ತಿದವು. ಅಮೆರಿಕ 1948ರಲ್ಲಿ ಕಾನೂನು ಮಾಡಿ, ಕಾಲಿನ ಬಲ ಕಳೆದುಕೊಂಡ ಮಾಜಿ ಸೈನಿಕರಿಗೆ ಹೊಂದುವ ಮನೆ ಕಟ್ಟಲು ಸರ್ಕಾರದ ಹಣ ಕೊಡತೊಡಗಿತು. ಇಂದು ಆ ನೆರವಿನ ಮಿತಿ ಒಂದು ಲಕ್ಷ ಡಾಲರಿಗೂ ಮೇಲಿದೆ.

ಪಾಯ ಮತ್ತು ನೆರೆ

ಗಾಲಿಕುರ್ಚಿಗೆ ಮನೆಯ ಮೊದಲ ಅಡ್ಡಿ ಪಾಯದ ಎತ್ತರ. ರಾಷ್ಟ್ರೀಯ ಕಟ್ಟಡ ಸಂಹಿತೆ ಇಳಿಜಾರಿಗೆ ಹೇಳುವ ಪ್ರಮಾಣ 1:12. ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಇದಕ್ಕಿಂತ ಕಡಿದಾದರೆ ಕೂತವರು ತಾವೇ ತಳ್ಳಿಕೊಂಡು ಹತ್ತಲಾರರು. ಇಳಿಯುವಾಗ ಕುರ್ಚಿ ಹಿಡಿತ ತಪ್ಪುತ್ತದೆ. ಎರಡು ಅಡಿ ಪಾಯದ ಮನೆಗೆ 24 ಅಡಿ, ಮೂರು ಅಡಿಯದಕ್ಕೆ 36 ಅಡಿ ಇಳಿಜಾರು ಬೇಕು. ತಿರುವಿನಲ್ಲಿ ಕುರ್ಚಿ ನಿಲ್ಲುವಷ್ಟು ಸಮತಟ್ಟು ಜಾಗ ಬೇರೆ. ಚೆನ್ನೈನಲ್ಲಿ ನಿವೇಶನದ ಲೆಕ್ಕ ‘ಗ್ರೌಂಡ್’; ಒಂದು ಗ್ರೌಂಡ್ ಎಂದರೆ 2400 ಚದರಡಿ. ಮಧ್ಯಮ ವರ್ಗದವರ ಕೈಗೆಟುಕುವುದು ಅರ್ಧ ಗ್ರೌಂಡ್, ನಮ್ಮ ಬೆಂಗಳೂರಿನ 30×40ರಷ್ಟು. ಅದರ ಮುಂಭಾಗದಲ್ಲಿ 36 ಅಡಿಯನ್ನು ನೇರವಾಗಿ ಹಾಯಿಸಲು ಸ್ಥಳವಿಲ್ಲ.

ಪಾಯವನ್ನೇ ತಗ್ಗಿಸಿದರಾಯಿತು ಎನ್ನುವಂತಿಲ್ಲ. ಕೋಯಂಬೇಡು ಕೂವಂ ನದಿಯ ಬಗಲಿನ ತಗ್ಗು ನೆಲ. ವಿರುಗಂಬಾಕ್ಕಂ–ಅರುಂಬಾಕ್ಕಂ ಕಾಲುವೆ ಈ ಬಡಾವಣೆಗಳನ್ನು ಹಾದು ಕೂವಂ ಸೇರುತ್ತದೆ. 2015ರ ಡಿಸೆಂಬರಿನ ಮಹಾಮಳೆಯಲ್ಲಿ ನಗರ ಮುಳುಗಿದ್ದನ್ನು ಕಂಡ ಮೇಲೆ ಹೊಸ ಮನೆ ಕಟ್ಟುವವರು ಪಾಯವನ್ನು ಇನ್ನಷ್ಟು ಎತ್ತರಿಸಿದರು. ರಸ್ತೆಗೆ ಪ್ರತಿಸಲ ಡಾಂಬರು ಹಾಕುವಾಗ ಹಳೆಯ ಪದರ ಕೆರೆಯದೆ ಮೇಲೆಯೇ ಹಾಕುವುದರಿಂದ ರಸ್ತೆ ಏರುತ್ತದೆ, ಹಳೆಯ ಮನೆ ತಗ್ಗುತ್ತದೆ, ಮನೆಯವರು ನೀರು ತಡೆಯಲು ಗೇಟಿನ ಬಳಿ ದಿಂಡು ಕಟ್ಟುತ್ತಾರೆ. ನೀರನ್ನು ತಡೆಯುವ ಆ ದಿಂಡು ಗಾಲಿಕುರ್ಚಿಯನ್ನೂ ತಡೆಯುತ್ತದೆ. ಸೈನಿಕರ ಕುಟುಂಬ ನೆರೆ ಅಥವಾ ಮೆಟ್ಟಿಲು, ಎರಡರಲ್ಲಿ ಒಂದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಇದಕ್ಕೆ ದಾರಿ ಇಲ್ಲದಿಲ್ಲ. ಮನೆಯ ಪಕ್ಕದಲ್ಲಿ ಬಿಡಲೇಬೇಕಾದ ಖಾಲಿ ಜಾಗದಲ್ಲಿ ಇಳಿಜಾರನ್ನು ಹಾಯಿಸಿ, ಹಿಂದೆ ತಿರುಗಿಸಿ, ಅಡುಗೆಮನೆಯ ಬಾಗಿಲಿಗೆ ತಲುಪಿಸಬಹುದು. ಮುಖ್ಯದ್ವಾರದಿಂದಲೇ ಪ್ರವೇಶಿಸಬೇಕೆಂಬ ಹಟ ಬಿಟ್ಟರೆ ಅರ್ಧ ಸಮಸ್ಯೆ ತೀರುತ್ತದೆ. ಆದರೆ ಆ ಹಟಕ್ಕೂ ಅರ್ಥವಿದೆ. ದೇಶಕ್ಕಾಗಿ ಕಾಲು ಕೊಟ್ಟವರು ಸ್ವಂತ ಮನೆಗೆ ಹಿತ್ತಿಲಿನಿಂದ ಬರಲು ಒಪ್ಪದಿದ್ದರೆ ಅದನ್ನು ತಪ್ಪೆನ್ನಲಾಗದು. ಆದ್ದರಿಂದ ಪಾಯ ಹಾಕುವ ಮೊದಲೇ ಗೇಟಿನಿಂದ ಅಂಗಳದ ನೆಲವನ್ನೇ ನಿಧಾನವಾಗಿ ಏರಿಸುತ್ತ ಮುಂಬಾಗಿಲಿಗೆ ತರುವುದು ಒಳ್ಳೆಯ ವಿಧಾನ. ಸ್ಥಳ ತೀರ ಕಡಿಮೆಯಿದ್ದರೆ ನಾಲ್ಕೈದು ಅಡಿ ಏರುವ ವಿದ್ಯುತ್ ವೇದಿಕೆ-ಲಿಫ್ಟ್ ಕೂಡಿಸಬಹುದು. ಅದಕ್ಕೆ ಕರೆಂಟು ಹೋದಾಗ ಕೈಯಿಂದ ಇಳಿಸುವ ಏರ್ಪಾಡು ಇರಲೇಬೇಕು.

ಹೊಸ್ತಿಲಿನದು ಇನ್ನೊಂದು ಕತೆ. ತಮಿಳುನಾಡಿನಲ್ಲೂ ಕರ್ನಾಟಕದಲ್ಲೂ ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡುವ ಪದ್ಧತಿ ಇರುವುದರಿಂದ ಅದನ್ನು ಕಿತ್ತುಹಾಕಿ ಎಂದರೆ ಮನೆಯ ಹಿರಿಯರು ಒಪ್ಪುವುದಿಲ್ಲ. ಕೀಳಬೇಕಾಗಿಯೂ ಇಲ್ಲ. ಹೊಸ್ತಿಲನ್ನು ನೆಲಮಟ್ಟಕ್ಕೆ ಹುದುಗಿಸಬಹುದು, ಅಥವಾ ಎರಡೂ ಬದಿಗೆ ಮರದ ಇಳಿಜಾರು ಪಟ್ಟಿ ಇಡಬಹುದು. ಅರ್ಧ ಅಂಗುಲದವರೆಗಿನ ಏರನ್ನು ಗಾಲಿ ದಾಟುತ್ತದೆ.

ಫ್ಲಾಟುಗಳಲ್ಲಿ ಪಾಡು ಬೇರೆ. ಅಣ್ಣಾನಗರ, ಅರುಂಬಾಕ್ಕಂ ಕಡೆಯ ಹಳೆಯ ವಸತಿ ಮಂಡಳಿ ಕಟ್ಟಡಗಳು ಮೂರು ನಾಲ್ಕು ಅಂತಸ್ತಿನವು, ಲಿಫ್ಟ್ ಇಲ್ಲದವು. ಅಲ್ಲಿ ನೆಲಮಹಡಿಯ ಫ್ಲಾಟಿಗೂ ಐದಾರು ಮೆಟ್ಟಿಲು. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಕೆಳಗೆ ವಾಹನ ನಿಲುಗಡೆ, ಮೇಲೆ ವಾಸ. ನೆರೆಗೆಂದು ಬಂದ ಈ ವಿನ್ಯಾಸ ಗಾಲಿಕುರ್ಚಿಗೂ ಅನುಕೂಲವೇ: ರಸ್ತೆಯ ಮಟ್ಟದಿಂದ ನೇರ ಲಿಫ್ಟಿಗೆ ಹೋಗಬಹುದು. ಆದರೆ ಅನೇಕ ಕಡೆ ಲಿಫ್ಟಿನ ಬಾಗಿಲು ಮೂರು ಮೆಟ್ಟಿಲ ಮೇಲಿದೆ, ಇಲ್ಲವೇ ನಾಲ್ಕು ಜನರ ಲಿಫ್ಟಿನ ಬಾಗಿಲಲ್ಲಿ ಕುರ್ಚಿ ತೂರುವುದಿಲ್ಲ. ನೆರೆ ಬಂದರೆ ಮೊದಲು ನೀರು ನುಗ್ಗುವುದು ಲಿಫ್ಟಿನ ಗುಂಡಿಗೆ. ಮೂರನೆಯ ಮಹಡಿಯಲ್ಲಿರುವ ಬೆನ್ನುಹುರಿ ಗಾಯಾಳುವಿಗೆ ಆಗ ಕೆಳಗಿಳಿಯುವ ದಾರಿ ನಾಲ್ಕು ಜನರ ಹೆಗಲು ಮಾತ್ರ. ಸೈನಿಕರ ಸಮುಚ್ಚಯಗಳಲ್ಲಿ ಇಂಥವರಿಗೆ ಕೆಳಗಿನ ಮಹಡಿಯನ್ನು ಕಾದಿರಿಸಿ, ಮೆಟ್ಟಿಲಲ್ಲಿ ಇಳಿಸುವ ತುರ್ತು ಕುರ್ಚಿ ಇಟ್ಟುಕೊಳ್ಳುವುದು ನಿವಾಸಿಗಳ ಸಂಘದ ಮೊದಲ ಕೆಲಸವಾಗಬೇಕು.

ಬಚ್ಚಲುಮನೆ

ಮನೆಯಲ್ಲಿ ಒಂದೇ ಒಂದು ಕೋಣೆಯನ್ನು ತಿದ್ದುವಷ್ಟು ಹಣವಿದ್ದರೆ ಅದು ಬಚ್ಚಲುಮನೆಯಾಗಲಿ. ಸೊಂಟದ ಕೆಳಗೆ ಸ್ಪರ್ಶವಿಲ್ಲದವರಿಗೆ ಮೂತ್ರನಳಿಕೆ ಬದಲಿಸುವುದು, ಮಲವಿಸರ್ಜನೆ, ಸ್ನಾನ, ಹುಣ್ಣಾಗಿದೆಯೇ ಎಂದು ಕನ್ನಡಿ ಹಿಡಿದು ನೋಡಿಕೊಳ್ಳುವುದು ಎಲ್ಲ ಸೇರಿ ದಿನದಲ್ಲಿ ಗಂಟೆಗಟ್ಟಲೆ ಹೊತ್ತು ಅಲ್ಲೇ ಕಳೆಯುತ್ತದೆ. ಆ ಕೋಣೆಗೆ ಒಬ್ಬರೇ ಹೋಗಿಬರಲು ಆದರೆ ಮಾನ ಉಳಿಯಿತು. ಆಗದಿದ್ದರೆ ಹೆಂಡತಿ, ಮಗಳು, ವಯಸ್ಸಾದ ತಾಯಿ ಎತ್ತಬೇಕು. ವರ್ಷಗಳು ಕಳೆದಂತೆ ಅವರ ಬೆನ್ನೂ ಹೋಗುತ್ತದೆ.

ಒಳಗೆ ಕುರ್ಚಿ ಪೂರ್ತಿ ತಿರುಗಲು ಐದು ಅಡಿ ವ್ಯಾಸದ ಖಾಲಿ ನೆಲ ಬೇಕು. ಬಾಗಿಲು 900 ಮಿಲಿಮೀಟರ್, ಅಂದರೆ ಮೂರು ಅಡಿ ಅಗಲವಿದ್ದು ಹೊರಕ್ಕೆ ತೆರೆಯಬೇಕು ಅಥವಾ ಪಕ್ಕಕ್ಕೆ ಜಾರಬೇಕು. ನಮ್ಮ ಮೇಸ್ತ್ರಿಗಳು ಬಚ್ಚಲಿಗೆ ಎರಡೂವರೆ ಅಡಿಯ ಬಾಗಿಲು ಇಟ್ಟು ಒಳಕ್ಕೆ ತೆರೆಯುವಂತೆ ಮಾಡುವುದು ರೂಢಿ. ಒಳಗೆ ಬಿದ್ದವರ ಮೈ ಬಾಗಿಲಿಗೆ ಅಡ್ಡವಾದರೆ ಹೊರಗಿನಿಂದ ತೆರೆಯಲಾಗದು. ಕಮೋಡಿನ ಪೀಠ ಗಾಲಿಕುರ್ಚಿಯ ಮಟ್ಟಕ್ಕೆ, ಸುಮಾರು 450ರಿಂದ 480 ಮಿಲಿಮೀಟರ್ ಎತ್ತರದಲ್ಲಿ ಇರಬೇಕು. ಒಂದು ಬದಿಗೆ ಗೋಡೆಯ ಹಿಡಿಕೆ, ಇನ್ನೊಂದು ಬದಿಗೆ ಮಡಿಸುವ ಹಿಡಿಕೆ, ಮತ್ತು ಕುರ್ಚಿ ನಿಲ್ಲಿಸಲು ಸ್ಥಳ. ಹಿಡಿಕೆಯನ್ನು ಟೈಲಿನ ಮೇಲೆ ಎರಡು ಸ್ಕ್ರೂ ಹಾಕಿ ನಿಲ್ಲಿಸಿದರೆ ಮೈಭಾರಕ್ಕೆ ಕಿತ್ತುಬರುತ್ತದೆ. ಇಟ್ಟಿಗೆಯ ಒಳಗೆ ಹುದುಗಿಸಬೇಕು. ಬೇಸಿನ್ನಿನ ಕೆಳಗೆ ಕಂಬ ಇರಬಾರದು, ಮೊಣಕಾಲು ಒಳಗೆ ಹೋಗಬೇಕು. ಬಿಸಿನೀರಿನ ಕೊಳವೆಗೆ ಹೊದಿಕೆ ಕಡ್ಡಾಯ: ಕಾಲಿಗೆ ಸ್ಪರ್ಶವಿಲ್ಲದವರಿಗೆ ಸುಟ್ಟರೂ ತಿಳಿಯುವುದಿಲ್ಲ, ಆ ಗಾಯ ತಿಂಗಳುಗಟ್ಟಲೆ ಮಾಯುವುದಿಲ್ಲ.

ಗಾಯಕ್ಕೆ ತಕ್ಕ ಮನೆ

ಎಲ್ಲ ಗಾಯಾಳುಗಳಿಗೂ ಒಂದೇ ನಕ್ಷೆ ಹೊಂದುವುದಿಲ್ಲ. ಮೊಣಕಾಲ ಕೆಳಗೆ ಕೃತಕ ಕಾಲು ಧರಿಸುವವರು ಹಗಲಲ್ಲಿ ಎಲ್ಲರಂತೆ ನಡೆಯುತ್ತಾರೆ. ಅವರ ಮನೆಗೆ ಬದಲಾವಣೆ ಬೇಕಿಲ್ಲವೆಂದು ಭಾವಿಸುವುದು ಸಾಮಾನ್ಯ. ಆದರೆ ರಾತ್ರಿ ಮಲಗುವಾಗ ಅವರು ಕಾಲನ್ನು ಕಳಚಿಡುತ್ತಾರೆ. ನಡುರಾತ್ರಿ ಬಚ್ಚಲಿಗೆ ಹೋಗಬೇಕಾದಾಗ ಒಂಟಿ ಕಾಲಲ್ಲಿ ಹಾರುತ್ತ ಒದ್ದೆ ನೆಲದ ಮೇಲೆ ಹೋಗಬೇಕು. ಬೀಳುವುದು ಆಗಲೇ. ಹಾಸಿಗೆಯಿಂದ ಬಚ್ಚಲಿನವರೆಗೆ ಗೋಡೆಗೆ ಕಂಬಿ, ಜಾರದ ನೆಲ, ಸ್ನಾನಕ್ಕೆ ಕೂರುವ ಪೀಠ: ಇಷ್ಟು ಸಾಕು, ಖರ್ಚೂ ಕಡಿಮೆ.

ಕಣ್ಣು ಕಳೆದುಕೊಂಡವರ ಮನೆಯಲ್ಲಿ ಅಗಲದ ಮಾತಿಗಿಂತ ಸ್ಥಿರತೆಯ ಮಾತು ಮುಖ್ಯ. ಸಾಮಾನು ಇಟ್ಟಲ್ಲೇ ಇರಬೇಕು, ಬಾಗಿಲು ಪೂರ್ತಿ ತೆರೆದಿರಬೇಕು ಅಥವಾ ಪೂರ್ತಿ ಮುಚ್ಚಿರಬೇಕು. ಅರೆತೆರೆದ ಬಾಗಿಲಂಚು ಹಣೆಗೆ ಬಡಿಯುತ್ತದೆ. ಎರಡೂ ಕೈ ಹೋದವರಿಗೆ ಬಾಗಿಲಿನಲ್ಲಿ ಗುಂಡು ಹಿಡಿಯ ಬದಲು ಸನ್ನೆಕೋಲಿನಂಥ ಹಿಡಿ, ಮೊಣಕೈಯಿಂದ ತಿರುಗಿಸುವ ನಲ್ಲಿ ಬೇಕು.

ಕತ್ತಿನ ಮಟ್ಟದಲ್ಲಿ ಬೆನ್ನುಹುರಿ ಗಾಯವಾದವರ ವಿಷಯದಲ್ಲಿ ಚೆನ್ನೈ ಊರೇ ಒಂದು ಅಪಾಯ. ಅವರ ಮೈ ಗಾಯದ ಕೆಳಗೆ ಬೆವರುವುದಿಲ್ಲ. ಬೆವರಿಲ್ಲದೆ ಮೈ ತಣಿಯುವುದಿಲ್ಲ. ತಮಿಳರು ‘ಕತ್ತರಿ’ ಎನ್ನುವ ಕಡು ಬಿಸಿಲಿನ ದಿನಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವ ನಗರದಲ್ಲಿ, ಕಾಂಕ್ರೀಟ್ ತಾರಸಿಯ ಕೆಳಗಿನ ಕೋಣೆಯಲ್ಲಿ ಅವರನ್ನು ಮಲಗಿಸಿದರೆ ಜ್ವರವಿಲ್ಲದೆಯೇ ಮೈ ಕಾಯುತ್ತದೆ. ಇವರಿಗೆ ಎದುರುಬದುರು ಕಿಟಕಿ, ಮೇಲ್ಛಾವಣಿಗೆ ತಣ್ಣನೆಯ ಹೊದಿಕೆ, ಸಾಧ್ಯವಾದರೆ ಎಸಿ ಮತ್ತು ಅದಕ್ಕೆ ಬ್ಯಾಟರಿ ಬೆಂಬಲ ಔಷಧಿಯಷ್ಟೇ ಅಗತ್ಯ. ಸಹಾಯಧನ ಕೊಡುವ ಕಚೇರಿಗಳು ಇದನ್ನು ಐಷಾರಾಮವೆಂದು ತಳ್ಳಿಹಾಕಬಾರದು.

ಅಡುಗೆಮನೆಯ ಕಟ್ಟೆಯ ಒಂದು ಭಾಗವನ್ನಾದರೂ ತಗ್ಗಿಸಿ, ಕೆಳಗೆ ಮೊಣಕಾಲಿಗೆ ಎಡೆ ಬಿಟ್ಟರೆ ಮನೆಯಲ್ಲಿರುವ ಸೈನಿಕರು ತರಕಾರಿ ಹೆಚ್ಚಬಲ್ಲರು, ಕಾಫಿ ಮಾಡಬಲ್ಲರು. ಹೆಂಡತಿ ಕೆಲಸಕ್ಕೆ ಹೋಗುವ ಮನೆಯಲ್ಲಿ ಇದರ ಬೆಲೆ ದೊಡ್ಡದು.

ಇಂಥ ಮನೆಯನ್ನು ಕಣ್ಣಾರೆ ನೋಡಬೇಕೆನ್ನುವವರಿಗೆ ಚೆನ್ನೈನಲ್ಲಿ ಅವಕಾಶವಿದೆ. ಮರೀನಾ ಎದುರಿನ ಕಾಮರಾಜರ್ ಸಾಲೈಯಲ್ಲಿ, ವಿಕಲಚೇತನರ ಕಲ್ಯಾಣ ಇಲಾಖೆಯ ಆವರಣದಲ್ಲಿ, 2022ರಲ್ಲಿ ತಮಿಳುನಾಡು ಸರ್ಕಾರ ‘ಮ್ಯೂಸಿಯಂ ಆಫ್ ಪಾಸಿಬಿಲಿಟೀಸ್’ ತೆರೆಯಿತು. ಕೊಟ್ಟೂರುಪುರದ ವಿದ್ಯಾಸಾಗರ್ ಸಂಸ್ಥೆ ಇದರಲ್ಲಿ ಕೈಜೋಡಿಸಿದೆ. ಮನೆಯೊಳಗೆ ಬಳಸುವ ಸಾಧನಗಳನ್ನು ಅಲ್ಲಿ ಮುಟ್ಟಿ ನೋಡಬಹುದು. ಆ ಆವರಣದ ಹೆಸರೂ ಲೇಡಿ ವಿಲ್ಲಿಂಗ್ಡನ್ ಅವರದೇ. ಮದ್ರಾಸ್ ಐಐಟಿಯಲ್ಲಿ ಕೂತಲ್ಲಿಂದ ನಿಲ್ಲಿಸುವ ‘ಅರೈಸ್’ ಕುರ್ಚಿ, ಬಳಸುವವರ ಅಳತೆಗೆ ಮಾಡುವ ‘ನಿಯೋಫ್ಲೈ’ ಕುರ್ಚಿ ರೂಪುಗೊಂಡಿವೆ. ಕುರ್ಚಿಯ ಅಗಲ ತಿಳಿಯದೆ ಬಾಗಿಲಿನ ಅಗಲ ನಿರ್ಧರಿಸಬಾರದು; ಮೊದಲು ಕುರ್ಚಿ, ಆಮೇಲೆ ಬಾಗಿಲು.

ಕಾನೂನು ಮತ್ತು ಹಣ

ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಅಂಗೀಕಾರವಾಗಿ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 37ನೇ ಕಲಮಿನಂತೆ ಸರ್ಕಾರದ ವಸತಿ ಯೋಜನೆಗಳಲ್ಲಿ ಶೇ. 5ರಷ್ಟು ಪಾಲು ಗಣನೀಯ ವೈಕಲ್ಯ ಇರುವವರಿಗೆ ಸಲ್ಲಬೇಕು. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು ರಾಜೀವ್ ರತೂರಿ ಪ್ರಕರಣದಲ್ಲಿ, ಸುಗಮ ಪ್ರವೇಶದ ಮಾನದಂಡಗಳನ್ನು ಬರಿಯ ಸಲಹೆಯ ಮಟ್ಟದಲ್ಲಿ ಇಟ್ಟಿದ್ದ ನಿಯಮವನ್ನು ರದ್ದುಮಾಡಿ, ಕಡ್ಡಾಯ ಮಾನದಂಡ ರೂಪಿಸುವಂತೆ ಕೇಂದ್ರಕ್ಕೆ ಆದೇಶಿಸಿತು. ಇವೆಲ್ಲ ಬೇಕಾದವೇ. ಆದರೆ ಪ್ರವೇಶದ ಮಟ್ಟಿಗೆ ಈ ಕಾನೂನಿನ ನೋಟವೆಲ್ಲ ಸಾರ್ವಜನಿಕ ಕಟ್ಟಡ, ಸಂಸ್ಥೆ, ಸಾರಿಗೆಯ ಮೇಲೆ. ಕೋಯಂಬೇಡು ಮೆಟ್ರೊ ನಿಲ್ದಾಣದಲ್ಲಿ ಲಿಫ್ಟ್ ಇದೆ; ನಿಲ್ದಾಣದಿಂದ ಮನೆಯವರೆಗಿನ ಮುರಿದ ಕಾಲುದಾರಿ, ಮನೆಯ ಮೂರು ಅಡಿ ಪಾಯ ದಾಟಿದವರಿಗೆ ಮಾತ್ರ ಅದು ದಕ್ಕುತ್ತದೆ.

ಹಣದ ಕಡೆ ನೋಡಿದರೆ, ಗಾಯಾಳು ಸೈನಿಕರಿಗೆ ಅಂಗವೈಕಲ್ಯ ಪಿಂಚಣಿ ಅಥವಾ ಯುದ್ಧಗಾಯದ ಪಿಂಚಣಿ ಇದೆ. ಪೂರ್ಣ ವೈಕಲ್ಯವಿದ್ದು ಸದಾ ಒಬ್ಬರ ಆಸರೆ ಬೇಕಾದವರಿಗೆ ಏಳನೇ ವೇತನ ಆಯೋಗದ ನಂತರ ತಿಂಗಳಿಗೆ 6750 ರೂಪಾಯಿ ಶುಶ್ರೂಷಾ ಭತ್ಯೆ ನಿಗದಿಯಾಯಿತು. 2003ರಿಂದ ಮಾಜಿ ಸೈನಿಕರ ಆರೋಗ್ಯ ಯೋಜನೆ ಇದೆ. ಮನೆಗೆಂದೇ ಇರುವುದು ಕೇಂದ್ರೀಯ ಸೈನಿಕ ಮಂಡಳಿಯ ಮನೆ ದುರಸ್ತಿ ಅನುದಾನ: ಹವಾಲ್ದಾರ್ ದರ್ಜೆಯವರೆಗಿನ, ಶೇ. 100 ವೈಕಲ್ಯದ ಮಾಜಿ ಸೈನಿಕರಿಗೆ ಒಂದು ಬಾರಿ 20,000 ರೂಪಾಯಿ. ಅರ್ಜಿಯನ್ನು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಹಾಕಬೇಕು. ಒಂದು ಬಚ್ಚಲುಮನೆಯನ್ನು ಒಡೆದು ಕಟ್ಟಲು ಈ ಹಣ ಸಾಲದು. ಶೇ. 60, 80ರಷ್ಟು ವೈಕಲ್ಯದ, ಒಂಟಿ ಕಾಲಿನ ಸೈನಿಕರಿಗೆ ಅದೂ ಇಲ್ಲ. ಬಾಡಿಗೆ ಮನೆಯಲ್ಲಿರುವವರಿಗಂತೂ ಗೋಡೆಗೆ ಹಿಡಿಕೆ ಹಾಕಲೂ ಮಾಲೀಕರ ಒಪ್ಪಿಗೆ ಬೇಕು.

ಸೇನೆ 2018ನ್ನು ಕರ್ತವ್ಯದಲ್ಲಿ ಅಂಗವಿಕಲರಾದ ಸೈನಿಕರ ವರ್ಷವೆಂದು ಸಾರಿತ್ತು. ಈಗ ಮಾಡಬೇಕಾದ ಕೆಲಸ ಸಣ್ಣದು, ಖಚಿತವಾದದ್ದು; ಅದಕ್ಕೆ ಬೇಕಾದ ವಿಭಾಗವೂ ಸೇನೆಯಲ್ಲೇ ಇದೆ. ಹುಬ್ಬಳ್ಳಿಯ ನವೀನ್ ನಾಗಪ್ಪ 1999ರ ಜುಲೈಯಲ್ಲಿ ಕಾರ್ಗಿಲ್‌ನಲ್ಲಿ ಗ್ರೆನೇಡ್ ಸಿಡಿದು ಎರಡೂ ಕಾಲಿಗೆ ಗಾಯವಾಗಿ 21 ತಿಂಗಳು ಆಸ್ಪತ್ರೆಯಲ್ಲಿದ್ದವರು. ಮುಂದೆ ಅವರು ಸೇರಿದ್ದು ಸೇನಾ ಎಂಜಿನಿಯರಿಂಗ್ ಸೇವೆ. ಸೇನೆಯ ಕಟ್ಟಡಗಳನ್ನು ಕಟ್ಟುವ, ದುರಸ್ತಿ ಮಾಡುವ ಆ ವಿಭಾಗಕ್ಕೆ ದೇಶದ ಎಲ್ಲ ದಂಡು ಪ್ರದೇಶಗಳಲ್ಲೂ ಎಂಜಿನಿಯರುಗಳಿದ್ದಾರೆ. ಗಾಯಾಳು ಸೈನಿಕರು ಆಸ್ಪತ್ರೆಯಿಂದ ಬಿಡುಗಡೆಯಾಗುವ ಮುಂಚೆ ಆ ಎಂಜಿನಿಯರುಗಳಲ್ಲಿ ಒಬ್ಬರು ಹೋಗಿ ಮನೆಯ ಪಾಯ, ಬಾಗಿಲು, ಬಚ್ಚಲು ಅಳೆದು ಬರಲಿ. ಮನೆ ದುರಸ್ತಿ ಅನುದಾನದ ಮೊತ್ತವನ್ನು ಆ ಅಳತೆಯ ಅಂದಾಜಿಗೆ ತಕ್ಕಂತೆ ಏರಿಸಲಿ, ಶೇ. 100ರ ಷರತ್ತು ಹೋಗಲಿ, ಹಣ ಸೈನಿಕರು ಮನೆ ತಲುಪುವ ಮೊದಲೇ ಬರಲಿ.